ದೆವ್ವಗಳನ್ನು ಕುಣಿಸಿದ ವಿಠಲಾಚಾರ್ಯರು



ನಮ್ಮ ಕೊಂಡ್ಲಹಳ್ಳಿಗೆ ಆಂಧ್ರದ ಗಡಿ ಹತ್ತಿರ. ತೆಲುಗು ಸಿನಿಮಾ ನೋಡೋರು ಬಹಳ. ಹೋದ ತಿಂಗಳು ಟಿ.ವಿ.ಯಲ್ಲಿ ಹಳೇ ತೆಲುಗು ‘ಜಗನ್ಮೋಹಿನಿ’ ಬಂತು. ಅದರಲ್ಲಿ ಒಂದು ಹೆಣ್ಣು ದೆವ್ವ ಸೌದೆ ಬದಲು ತನ್ನ ಕಾಲನ್ನೇ ಒಲೆಗೆ ಇಡುತ್ತೆ! ಅವತ್ತು ರಾತ್ರಿ ನಾನು ಒಬ್ಬನೇ ಹೊರಗೆ ಹೋಗಲಿಲ್ಲ. ಅದು ವಿಠಲಾಚಾರಿ ದೆವ್ವ, ಏನೂ ಮಾಡಲ್ಲ ಅಂತ ಅಜ್ಜಿ ನಕ್ಕರು. ಅವರು ಯಾರು ಅಂತ ತಿಳಿದುಕೊಂಡು ಬರೆದಿದ್ದೇನೆ.

ಬಿ. ವಿಠಲಾಚಾರ್ಯರು ನಮ್ಮ ಕನ್ನಡ ನಾಡಿನವರೇ. 1920ರಲ್ಲಿ ಉಡುಪಿ ಹತ್ತಿರದ ಉದ್ಯಾವರದಲ್ಲಿ ಹುಟ್ಟಿದರು. ಒಂಬತ್ತನೇ ವಯಸ್ಸಿಗೇ ಮನೆ ಬಿಟ್ಟು ಅರಸೀಕೆರೆಗೆ ಬಂದರು. ಸಿಕ್ಕ ಕೆಲಸ ಮಾಡಿ, ಆಮೇಲೆ ಹೋಟೆಲ್ ನಡೆಸಿದರು. 1942ರ ಚಳವಳಿಯಲ್ಲಿ ಸೆರೆಮನೆ ಕಂಡರು. ಬಿಡುಗಡೆಯಾದ ಮೇಲೆ ಡಿ. ಶಂಕರಸಿಂಗ್ ಮುಂತಾದ ಗೆಳೆಯರ ಜೊತೆ ಹಾಸನ ಜಿಲ್ಲೆಯಲ್ಲಿ ಟೂರಿಂಗ್ ಟಾಕೀಸ್ ಶುರು ಮಾಡಿದರು. ಅಲ್ಲಿ ಹಾಕಿದ ಪ್ರತಿ ಸಿನಿಮಾವನ್ನೂ ತಾವೇ ಕೂತು ನೋಡಿದರು. ಆ ಟೆಂಟೇ ಅವರ ಶಾಲೆ.

ಮುಂದೆ ಮೈಸೂರಿನಲ್ಲಿ ಮಹಾತ್ಮ ಪಿಕ್ಚರ್ಸ್ ಕಟ್ಟಿ ‘ನಾಗಕನ್ನಿಕಾ’ (1949), ಕನ್ನಡದ ‘ಜಗನ್ಮೋಹಿನಿ’ (1951) ತೆಗೆದರು. ಆಮೇಲೆ ಮದ್ರಾಸಿಗೆ ಹೋಗಿ ತೆಲುಗಿನಲ್ಲಿ ಹೆಸರು ಮಾಡಿದರು. ಕಡಿಮೆ ಖರ್ಚು, ಬೇಗ ಕೆಲಸ, ಇದೇ ಅವರ ಪದ್ಧತಿ. ನಟರು ಸತಾಯಿಸಿದರೆ ಕಥೆಯಲ್ಲಿ ಆ ಪಾತ್ರವನ್ನೇ ಗಿಳಿ ಮಾಡಿಬಿಡುತ್ತಿದ್ದರಂತೆ!

ಆಗ ಕಂಪ್ಯೂಟರ್ ಇರಲಿಲ್ಲ. ಕ್ಯಾಮೆರಾ ನಿಲ್ಲಿಸಿ, ಮನುಷ್ಯನನ್ನು ಸರಿಸಿ, ಅಲ್ಲಿ ಗಿಳಿ ಇಟ್ಟು ಮತ್ತೆ ಓಡಿಸಿದರೆ ಮನುಷ್ಯ ಗಿಳಿಯಾದ. ಒಂದೇ ರೀಲಿನ ಮೇಲೆ ಎರಡು ಸಲ ಚಿತ್ರ ತೆಗೆದರೆ, ಹಿಂದಿನ ಗೋಡೆ ಕಾಣುವಂಥ ದೆವ್ವ ತಯಾರು.

ಇಂಥ ಸಿನಿಮಾಗಳು ಭಾಷೆ ದಾಟಿ ಹೋಗುತ್ತವೆ. ಜಪಾನಿನವರು 1954ರಲ್ಲಿ ‘ಗಾಡ್ಜಿಲ್ಲಾ’ ಎಂಬ ದೈತ್ಯ ಪ್ರಾಣಿಯ ಸಿನಿಮಾ ತೆಗೆದರು. 1956ರಲ್ಲಿ ಅಮೆರಿಕದವರು ಅದನ್ನು ಕತ್ತರಿಸಿ, ತಮ್ಮ ನಟನ ದೃಶ್ಯ ಸೇರಿಸಿ, ಇಂಗ್ಲಿಷ್ ಮಾತು ಕೂಡಿಸಿ ತೋರಿಸಿದರು. ವಿಠಲಾಚಾರ್ಯರ 1978ರ ತೆಲುಗು ‘ಜಗನ್ಮೋಹಿನಿ’ಯೂ ಡಬ್ ಆಗಿ ತಮಿಳು ಮಾತಾಡಿತು.

ಅವರು 1999ರ ಮೇ 28ರಂದು ತೀರಿಕೊಂಡರು.

ಹೋದ ವರ್ಷ ನನ್ನ ತಂಗಿಗೆ ಜ್ವರ ಬಂದಾಗ ಗಾಳಿ ಸೋಕಿದೆ ಅಂತ ತಾಯತ ಕಟ್ಟಿ ಮೂರು ದಿನ ಕೂತಿದ್ವಿ. ಆಸ್ಪತ್ರೆಗೆ ಹೋದ ಮೇಲೇ ವಾಸಿಯಾದದ್ದು. ದೆವ್ವ ಹೇಗೆ ತಯಾರಾಗುತ್ತೆ ಅಂತ ಆಗಲೇ ಗೊತ್ತಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ. ಮೊನ್ನೆ ರಾತ್ರಿ ಹುಣಿಸೆಮರದ ತನಕ ಒಬ್ಬನೇ ಹೋಗಿಬಂದೆ. ಎದೆ ಹೊಡಕೊಂಡಿತು, ಸುಳ್ಳು ಹೇಳಲ್ಲ. ಆದರೆ ಏನೂ ಇರಲಿಲ್ಲ. ಇನ್ನು ಮೇಲೆ ಯಾರಾದರೂ ದೆವ್ವ ನೋಡಿದೆ ಅಂದರೆ, ಕ್ಯಾಮೆರಾ ಎಲ್ಲಿತ್ತು ಅಂತ ಕೇಳಿ.

ಇಂತಿ ನಿಮ್ಮ ಗೆಳೆಯ,
9ನೇ ತರಗತಿ