ಜಗದೀಶಚಂದ್ರ ಬೋಸರು ಮತ್ತು ಪೇಟೆಂಟಿನ ಪ್ರಶ್ನೆ

ಜಗದೀಶಚಂದ್ರ ಬೋಸ್ ಎಂದ ಕೂಡಲೇ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಗಿಡಗಳು. ನನಗೆ ನೆನಪಾಗುವುದು ಪೇಟೆಂಟ್. ಈ ಶಾಲೆಯಲ್ಲಿ ಓದಿ, ಮುಂದೆ ವಿಜ್ಞಾನ ಶಿಕ್ಷಕನಾಗಿ ಮಕ್ಕಳನ್ನು ವಸ್ತುಪ್ರದರ್ಶನಗಳಿಗೆ ಕರೆದೊಯ್ಯುತ್ತಿದ್ದ ನನ್ನನ್ನು ಪೋಷಕರು ಮತ್ತೆ ಮತ್ತೆ ಕೇಳಿದ್ದು ಒಂದೇ ಪ್ರಶ್ನೆ: ಮೇಷ್ಟ್ರೇ, ಇದಕ್ಕೆ ಪೇಟೆಂಟ್ ಮಾಡಿಸಬೇಕೆ? ಆಗೆಲ್ಲ ನಾನು ಬೋಸರ ಬದುಕನ್ನು ಹೇಳುತ್ತಿದ್ದೆ. ಸಂಚಿಕೆಯ ಸಂಪಾದಕರು ಕೇಳಿದ್ದರಿಂದ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬೋಸರು ಹುಟ್ಟಿದ್ದು 1858ರ ನವೆಂಬರ್ 30ರಂದು, ಬಂಗಾಳದಲ್ಲಿ. ತಂದೆ ಭಗವಾನ್ ಚಂದ್ರ ಬೋಸ್ ಸರ್ಕಾರಿ ಅಧಿಕಾರಿ. ಆದರೂ ಮಗನನ್ನು ಮೊದಲು ಸೇರಿಸಿದ್ದು ಇಂಗ್ಲಿಷ್ ಶಾಲೆಗಲ್ಲ, ಬಂಗಾಳಿ ಶಾಲೆಗೆ. ಅಲ್ಲಿ ಅಕ್ಕಪಕ್ಕ ಕೂತವರು ಬೆಸ್ತರ ಮಕ್ಕಳು, ಆಳುಗಳ ಮಕ್ಕಳು. ಮುಂದೆ ಇಂಗ್ಲೆಂಡಿನಲ್ಲಿ ಓದಿ, 1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾದರು. ಯುರೋಪಿಯನ್ನರಿಗಿಂತ ಕಡಿಮೆ ಸಂಬಳ ಕೊಟ್ಟಾಗ ಮೂರು ವರ್ಷ ಸಂಬಳವನ್ನೇ ಮುಟ್ಟದೆ ಪಾಠ ಮಾಡಿದರು. ಕೊನೆಗೆ ಪೂರ್ತಿ ಸಂಬಳ ಬಾಕಿಸಮೇತ ಕೈಸೇರಿದಾಗ ತಂದೆಯ ಸಾಲ ತೀರಿಸಿದರು. ಹಣದ ಬೆಲೆ ಗೊತ್ತಿಲ್ಲದ ಮನೆಯಿಂದ ಬಂದವರಲ್ಲ ಅವರು.

ಕಾಲೇಜಿನ ಒಂದು ಸಣ್ಣ ಕೋಣೆಯಲ್ಲಿ, ಸ್ಥಳೀಯ ತಗಡು ಕೆಲಸಗಾರನೊಬ್ಬನನ್ನು ಪಳಗಿಸಿಕೊಂಡು ತಮ್ಮ ಉಪಕರಣಗಳನ್ನು ಕಟ್ಟಿದರು. 1895ರಲ್ಲಿ ಕಲ್ಕತ್ತೆಯ ಪುರಭವನದಲ್ಲಿ ಅವರು ಕಳಿಸಿದ ಕಣ್ಣಿಗೆ ಕಾಣದ ವಿದ್ಯುತ್ ಅಲೆಗಳು ಗೋಡೆ ದಾಟಿ ಹೋಗಿ ಗಂಟೆ ಬಾರಿಸಿದವು, ಮದ್ದಿನ ಪುಡಿ ಸಿಡಿಸಿದವು. ಇದನ್ನೆಲ್ಲ ಅವರು ಮುಚ್ಚಿಡಲಿಲ್ಲ, ಪ್ರಬಂಧಗಳಾಗಿ ಪ್ರಕಟಿಸಿದರು.

ಅದೇ ಸಮಯದಲ್ಲಿ ಇಟಲಿಯ ತರುಣ ಮಾರ್ಕೋನಿ ಬೇರೆ ದಾರಿ ಹಿಡಿದ. 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, ಮರುವರ್ಷ ಕಂಪನಿ ತೆರೆದ. 1909ರಲ್ಲಿ ಅವನಿಗೆ ಬ್ರೌನ್ ಜೊತೆ ನೊಬೆಲ್ ಬಂತು. ಅದು ಬರೀ ಅದೃಷ್ಟವಲ್ಲ. ದೂರ ದೂರಕ್ಕೆ ಸಂದೇಶ ಮುಟ್ಟಿಸಲು ಅವನು ಪಟ್ಟ ಶ್ರಮ ದೊಡ್ಡದು. ಬೋಸರ ಮನಸ್ಸಿದ್ದದ್ದು ಅಲೆಗಳ ಗುಣವನ್ನು ಅರಿಯುವುದರಲ್ಲಿ.

1901ರ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಬೋಸರ ಉಪನ್ಯಾಸವಿತ್ತು. ಅದಕ್ಕೆ ಮುಂಚೆ ಒಂದು ತಂತಿ ಕಂಪನಿಯ ಶ್ರೀಮಂತ ಮಾಲೀಕ ಪೇಟೆಂಟ್ ಅರ್ಜಿಯ ನಮೂನೆ ಹಿಡಿದುಕೊಂಡೇ ಬಂದ. ಉಪನ್ಯಾಸದಲ್ಲಿ ಎಲ್ಲವನ್ನೂ ಹೇಳಿಬಿಡಬೇಡಿ, ಖರ್ಚು ನಾನು ಹಾಕುತ್ತೇನೆ, ಲಾಭದಲ್ಲಿ ಅರ್ಧ ನನಗಿರಲಿ ಎಂಬುದು ಅವನ ಮಾತಿನ ಸಾರ. ಬೋಸರು ಒಪ್ಪಲಿಲ್ಲ. ಒಮ್ಮೆ ಆ ಹಣದಾಸೆಯ ಸುಳಿಗೆ ಬಿದ್ದರೆ ಹೊರಬರುವ ದಾರಿಯಿಲ್ಲ ಎಂಬ ಭಯವನ್ನು ಗೆಳೆಯ ರವೀಂದ್ರನಾಥ ಠಾಕೂರರಿಗೆ ಪತ್ರದಲ್ಲಿ ತೋಡಿಕೊಂಡರು.

ಆದರೆ ಹಿತೈಷಿಗಳು ಬಿಡಲಿಲ್ಲ. ಸೋದರಿ ನಿವೇದಿತಾ ಮತ್ತು ಅಮೆರಿಕದ ಸಾರಾ ಬುಲ್ ಒತ್ತಾಯಿಸಿದ್ದರಿಂದ ಅದೇ ವರ್ಷ ಅಮೆರಿಕದಲ್ಲಿ ಅರ್ಜಿ ಹೋಯಿತು. ಗ್ಯಾಲಿನಾ ಎಂಬ ಸೀಸದ ಅದಿರಿನ ಹರಳಿನಿಂದ ಅಲೆಗಳನ್ನು ಪತ್ತೆಹಚ್ಚುವ ಸಾಧನಕ್ಕೆ 1904ರ ಮಾರ್ಚ್ 29ರಂದು ಪೇಟೆಂಟ್ ಸಿಕ್ಕಿತು. ಸಂಖ್ಯೆ 755840. ಅರ್ಧ ಹಕ್ಕು ಸಾರಾ ಬುಲ್ ಹೆಸರಿನಲ್ಲಿತ್ತು. ಆಗ ಅಲ್ಲಿ ಪೇಟೆಂಟಿನ ಅವಧಿ 17 ವರ್ಷ. ಬೋಸರು ಅದರಿಂದ ಹಣ ಮಾಡಲು ಹೋಗಲಿಲ್ಲ. 1917ರಲ್ಲಿ ಕಲ್ಕತ್ತೆಯಲ್ಲಿ ತಮ್ಮ ಸಂಶೋಧನಾ ಮಂದಿರ ತೆರೆದಾಗ, ಇಲ್ಲಿಯ ಶೋಧಗಳಿಗೆ ಪೇಟೆಂಟ್ ಪಡೆಯುವುದಿಲ್ಲ, ಅವು ಎಲ್ಲರ ಸ್ವತ್ತು ಎಂದು ಸಾರಿದರು. 1937ರ ನವೆಂಬರ್ 23ರಂದು ಗಿರಿಡಿಯಲ್ಲಿ ತೀರಿಕೊಂಡರು.

ಹಾಗಾದರೆ ಬೋಸರು ಸೋತರೆ? ಹಣದ ಲೆಕ್ಕದಲ್ಲಿ ಹೌದು. ಹೆಸರಿನ ಲೆಕ್ಕದಲ್ಲೂ ಬಹಳ ಕಾಲ ಹಿಂದೆ ಬಿದ್ದರು. ಆದರೆ ಮುಂದಿನ ಎಂಜಿನಿಯರುಗಳು ಹಳೆಯ ಕಡತ ತೆರೆದಾಗ, ಅರೆವಾಹಕದ ಹರಳಿನ ಬಳಕೆಯಲ್ಲಿ ಅವರೇ ಮೊದಲಿಗರ ಸಾಲಿನಲ್ಲಿ ನಿಂತಿದ್ದರು. ಅದಕ್ಕೆ ಸಾಕ್ಷಿ ನುಡಿದದ್ದು ತಾರೀಖು ಸಮೇತ ಅಚ್ಚಾಗಿದ್ದ ಪ್ರಬಂಧಗಳು, ಮತ್ತು ಅವರಿಗೆ ಬೇಡವಾಗಿದ್ದ ಅದೇ ಪೇಟೆಂಟ್.

ಪೋಷಕರಿಗೆ ನಾನು ಹೇಳುತ್ತಿದ್ದುದು ಇಷ್ಟೇ. ಪೇಟೆಂಟ್ ಪತ್ರ ತಾನಾಗಿ ದುಡ್ಡು ತರುವುದಿಲ್ಲ. ಯಾರಾದರೂ ಆ ವಸ್ತುವನ್ನು ತಯಾರಿಸಿ ಮಾರಬೇಕು, ಕದ್ದವರ ಮೇಲೆ ವ್ಯಾಜ್ಯ ಹೂಡುವ ಶಕ್ತಿಯೂ ಬೇಕು. ಈಗ ನಮ್ಮಲ್ಲಿ ಅವಧಿ 20 ವರ್ಷ, ಆದರೆ ಹಕ್ಕು ಪಡೆದ ದೇಶದಲ್ಲಿ ಮಾತ್ರ ನಡೆಯುತ್ತದೆ. ಅರ್ಜಿಗೆ ಮುಂಚೆ ಹತ್ತು ಜನರ ಮುಂದೆ ಬಿಚ್ಚಿಟ್ಟರೆ ಸಾಮಾನ್ಯವಾಗಿ ಹೊಸತನದ ಹಕ್ಕು ಕೈಬಿಡುತ್ತದೆ. ಆದ್ದರಿಂದ ನಿರ್ಧಾರ ಪ್ರದರ್ಶನಕ್ಕೆ ಮುಂಚೆ ಆಗಬೇಕು. ಬೇಡವೆಂದರೆ ಬೋಸರಂತೆ ತಿಳಿದೇ ಬೇಡವೆನ್ನಬೇಕು. ಎಲ್ಲರಿಗೂ ಸಿಗುವಂತೆ, ತಾರೀಖು ಹಾಕಿ, ಅಚ್ಚು ಮಾಡಿಸಬೇಕು. ನಮ್ಮ ಶಾಲೆಯ ಮಕ್ಕಳು ಯಾವ ದಾರಿಯನ್ನೇ ಹಿಡಿಯಲಿ, ಮಾಡಿದ್ದನ್ನು ಅಂದಂದೇ ನೋಟ್ ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಅವರಿಗೆ ಬರಲಿ ಎಂಬುದು ಈ ಹಳೆಯ ವಿದ್ಯಾರ್ಥಿಯ ಕೋರಿಕೆ.