ಸರ್ ರೊನಾಲ್ಡ್ ರಾಸ್ ಮತ್ತು ನಮ್ಮ ಬೇಗಂಪೇಟೆ

ಬೆಂಗಳೂರಿನ ಕಡೆಯಿಂದ ನೌಕರಿಗಾಗಿ ಈ ಊರಿಗೆ ಬಂದು ನೆಲೆಸಿದ ಕನ್ನಡಿಗರು ನಮ್ಮಲ್ಲಿ ಅನೇಕರಿದ್ದೇವೆ. ನಮಗಿಂತ ಬಹಳ ಹಿಂದೆ ಒಬ್ಬ ಸೇನಾ ವೈದ್ಯರೂ ಬೆಂಗಳೂರು-ಸಿಕಂದರಾಬಾದುಗಳ ನಡುವೆ ವರ್ಗಾವಣೆಗೊಂಡು ಓಡಾಡಿದ್ದರು. ಅವರು ಕನ್ನಡಿಗರಲ್ಲ, ಆದರೂ ಅವರ ಕಥೆಯ ಮೊದಲ ಪುಟ ಬೆಂಗಳೂರಿನಲ್ಲಿದೆ, ಮುಖ್ಯ ಪುಟ ನಮ್ಮ ಬೇಗಂಪೇಟೆಯಲ್ಲಿದೆ. ಅವರೇ ಸರ್ ರೊನಾಲ್ಡ್ ರಾಸ್.

ರಾಸ್ ಅವರು 1857ರ ಮೇ 13ರಂದು ಹಿಮಾಲಯದ ಮಡಿಲಿನ ಆಲ್ಮೋರದಲ್ಲಿ ಜನಿಸಿದರು. ತಂದೆ ಸೈನ್ಯಾಧಿಕಾರಿ. ಎಂಟನೆಯ ವಯಸ್ಸಿನಲ್ಲಿಯೇ ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಹೋದರು. ಮನಸ್ಸು ಕಾವ್ಯ, ಸಂಗೀತ, ಗಣಿತಗಳ ಕಡೆಗೆ ಎಳೆಯುತ್ತಿದ್ದರೂ ತಂದೆಯ ಇಚ್ಛೆಯಂತೆ ವೈದ್ಯರಾದರು. 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿ ಮದರಾಸಿಗೆ ಬಂದರು. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದಾಗ ಅವರ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಕಿಟಕಿಯ ಹೊರಗೆ ಇಟ್ಟಿದ್ದ ಒಂದು ಪೀಪಾಯಿಯ ನೀರಿನಲ್ಲಿ ಮರಿಗಳು ಮಿಜಿಗುಟ್ಟುತ್ತಿದ್ದುದನ್ನು ಕಂಡು ಅದನ್ನು ಬೋರಲು ಹಾಕಿಸಿದರು, ಸೊಳ್ಳೆಗಳು ಕಡಿಮೆಯಾದವು. ಸೊಳ್ಳೆಗೂ ಚಳಿಜ್ವರಕ್ಕೂ ನಂಟಿದೆಯೆಂಬುದು ಆಗ ಅವರಿಗೂ ತಿಳಿದಿರಲಿಲ್ಲ.

ರಾಸ್ ಅವರ ಸಾಧನೆಯನ್ನು ಅರಿಯಬೇಕಾದರೆ ಜೀರ್ಣಕ್ರಿಯೆಯ ವಿಷಯವಾಗಿ ಎರಡು ಮಾತು ಹೇಳಬೇಕು. ನಾವು ಉಣ್ಣುವ ಅನ್ನದ ಪಿಷ್ಟವನ್ನು ಬಾಯಿಯ ಜೊಲ್ಲು ಸಕ್ಕರೆಯಾಗಿಸತೊಡಗುತ್ತದೆ. ಬೇಳೆಯ ಸಸಾರಜನಕವನ್ನು ಜಠರದ ಆಮ್ಲವೂ ಪೆಪ್ಸಿನ್ ಎಂಬ ರಸವೂ ಒಡೆಯಲಾರಂಭಿಸುತ್ತವೆ. ರಷ್ಯದ ಪಾವ್ಲೋವ್ ಅವರು ನಾಯಿಗಳಲ್ಲಿ ಈ ರಸಗಳ ಗುಟ್ಟನ್ನು ಬಿಡಿಸಿ ಗ್ರಂಥರೂಪದಲ್ಲಿ ಪ್ರಕಟಿಸಿದ್ದು 1897ರಲ್ಲಿ. ಅದೇ ವರ್ಷ ನಮ್ಮ ಊರಿನಲ್ಲಿ ರಾಸ್ ಅವರು ಒಂದು ಸೊಳ್ಳೆಯ ಜಠರವನ್ನು ಬಿಡಿಸಿ ನೋಡುತ್ತಿದ್ದರು.

ಸೊಳ್ಳೆಗೂ ಜೊಲ್ಲುಂಟು, ಜಠರವುಂಟು. ರಕ್ತ ಹೀರುವುದು ಹೆಣ್ಣು ಮಾತ್ರ. ಮೊಟ್ಟೆ ಕಟ್ಟುವುದಕ್ಕೆ ಅದಕ್ಕೆ ರಕ್ತದ ಸಸಾರಜನಕ ಬೇಕು. ಸೊಂಡಿಲು ಚುಚ್ಚಿದೊಡನೆ ಅದು ನಮ್ಮ ಚರ್ಮದೊಳಗೆ ಜೊಲ್ಲು ಬಿಡುತ್ತದೆ. ಆ ಜೊಲ್ಲು ರಕ್ತನಾಳವನ್ನು ಹಿಗ್ಗಿಸಿ, ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ. ಕಚ್ಚಿದೆಡೆ ತುರಿಸುವುದೂ ಅದರಿಂದಲೇ. ಹೀರಿದ ರಕ್ತವು ನೇರವಾಗಿ ಜಠರಕ್ಕಿಳಿದು, ಎರಡು ಮೂರು ದಿನಗಳಲ್ಲಿ ಅಲ್ಲಿನ ರಸಗಳಿಂದ ಜೀರ್ಣವಾಗುತ್ತದೆ. ಅದರೊಡನೆ ಬಂದ ಮಲೇರಿಯದ ಜೀವಾಣು ಮಾತ್ರ ಜೀರ್ಣವಾಗದೆ ಉಳಿಯಬಲ್ಲುದೆಂಬುದು ಅಂದು ಯಾರಿಗೂ ಸಿದ್ಧಪಟ್ಟಿರಲಿಲ್ಲ.

1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದ ರಾಸ್ ಅವರಿಗೆ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರ ಪರಿಚಯವಾಯಿತು. ರೋಗಿಯ ರಕ್ತದಲ್ಲಿ ಆ ಜೀವಾಣುವನ್ನು ತೋರಿಸಿಕೊಟ್ಟವರು ಅವರೇ. ಸೊಳ್ಳೆಯು ಅದನ್ನು ಒಯ್ಯುತ್ತದೆಂದೂ, ನೀರಿನಲ್ಲಿ ಸತ್ತ ಸೊಳ್ಳೆಯಿಂದ ಅದು ಕುಡಿಯುವವರ ಹೊಟ್ಟೆ ಸೇರುತ್ತದೆಂದೂ ಅವರ ಊಹೆ. ಊಹೆಯ ಅರ್ಧ ನಿಜ, ಅರ್ಧ ತಪ್ಪು. ಯಾವ ಅರ್ಧ ನಿಜವೆಂದು ಹುಡುಕುವ ಹೊರೆ ಶಿಷ್ಯನ ಹೆಗಲೇರಿತು.

1895ರಲ್ಲಿ ರಾಸ್ ಅವರು ಬೇಗಂಪೇಟೆಯ ಮದರಾಸು ಪದಾತಿದಳದ ವೈದ್ಯರಾಗಿ ಬಂದರು. ಅದು ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರ ಕಾಲ. ಅದೇ ವರ್ಷ ಕಾಲರಾ ತಡೆಯುವ ಕೆಲಸಕ್ಕಾಗಿ ಸರ್ಕಾರ ಅವರನ್ನು ಬೆಂಗಳೂರಿಗೆ ಕಳುಹಿಸಿತು. ಮುಂದೆ ನೀಲಗಿರಿಗೆ ಹೋದಾಗ ಅವರಿಗೇ ಮಲೇರಿಯ ತಗುಲಿತು. 1897ರಲ್ಲಿ ಮರಳಿ ಬಂದು ಪುನಃ ಸೂಕ್ಷ್ಮದರ್ಶಕದ ಮುಂದೆ ಕುಳಿತರು. ಅಷ್ಟರವರೆಗೆ ಅವರು ಕೊಯ್ದು ನೋಡಿದ್ದು ಬೂದುಬಣ್ಣದ ಮತ್ತು ಪಟ್ಟೆಯ ಸೊಳ್ಳೆಗಳನ್ನು. ಅವುಗಳಲ್ಲಿ ಮನುಷ್ಯನ ಮಲೇರಿಯ ಬೆಳೆಯುವುದೇ ಇಲ್ಲ. ಸೆಕೆಯಲ್ಲಿ ಪಂಖ ಹಾಕಿದರೆ ಸೊಳ್ಳೆಗಳು ಹಾರಿಹೋಗುತ್ತವೆಂದು ಅದನ್ನೂ ಬಿಟ್ಟರು. ಬೆವರಿನಿಂದ ಯಂತ್ರದ ತಿರುಪುಗಳಿಗೆ ತುಕ್ಕು ಹಿಡಿಯಿತು.

ಆಗಸ್ಟಿನ ನಡುವೆ, ಮರಿಗಳಿಂದ ಬೆಳೆಸಿದ ಕಂದುಬಣ್ಣದ, ಚುಕ್ಕೆ ರೆಕ್ಕೆಯ ಕೆಲವು ಸೊಳ್ಳೆಗಳು ಅವರಿಗೆ ದೊರಕಿದವು. ಹುಸೇನ್ ಖಾನ್ ಎಂಬ ಮಲೇರಿಯ ರೋಗಿ, ರಕ್ತ ಕುಡಿದ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಪಡೆದು, ಅವುಗಳಿಗೆ ಮೈಯೊಡ್ಡಿದನು. ಆಗಸ್ಟ್ 20ರಂದು, ಉಳಿದ ಕೆಲವೇ ಸೊಳ್ಳೆಗಳಲ್ಲೊಂದನ್ನು ಕೊಯ್ದಾಗ, ಅದರ ಜಠರದ ಗೋಡೆಯಲ್ಲಿ ದುಂಡಗಿನ ಕೋಶಗಳು ಕಂಡವು. ಅವುಗಳೊಳಗೆ ಕಪ್ಪು ಕಣಗಳಿದ್ದವು. ಮರುದಿನ ಕೊಯ್ದ ಸೊಳ್ಳೆಯಲ್ಲಿ ಕೋಶಗಳು ಇನ್ನೂ ದೊಡ್ಡದಾಗಿದ್ದವು. ಅಂದರೆ ಅವು ಬೆಳೆಯುತ್ತಿದ್ದವು. ಆ ಕಪ್ಪು ಕಣಗಳೇನು? ಮಲೇರಿಯದ ಜೀವಾಣು ನಮ್ಮ ರಕ್ತದ ಹಿಮೊಗ್ಲೋಬಿನನ್ನು ತಿಂದು ಉಳಿಸಿದ ಕಸ. ಕಳ್ಳನ ಗುರುತು ಸಿಕ್ಕಿದ್ದು ಅವನು ಉಂಡ ಎಂಜಲಿನಿಂದಲೇ!

ಆದರೆ ಅರ್ಧ ದಾರಿ ಮಾತ್ರ ಸವೆದಿತ್ತು. ಜಠರ ಸೇರಿದ ಜೀವಾಣು ಮತ್ತೊಬ್ಬ ಮನುಷ್ಯನನ್ನು ಹೇಗೆ ತಲುಪುತ್ತದೆ? ಅಷ್ಟರಲ್ಲಿ ರಾಜಪುತಾನಕ್ಕೆ ವರ್ಗವಾಯಿತು. ಅಲ್ಲಿ ಮಲೇರಿಯದ ರೋಗಿಗಳೇ ವಿರಳ. ಮ್ಯಾನ್ಸನ್ನರ ಪ್ರಯತ್ನದಿಂದ 1898ರಲ್ಲಿ ಕಲ್ಕತ್ತೆಯಲ್ಲಿ ಪ್ರಯೋಗಾಲಯ ದೊರೆಯಿತು. ಅಲ್ಲಿ ಮಹಮ್ಮದ್ ಬಕ್ಸ್ ಎಂಬ ಸಹಾಯಕನೊಡನೆ ಹಕ್ಕಿಗಳ ಮಲೇರಿಯವನ್ನು ಹಿಡಿದು ಹುಡುಕಿದರು. ಜಠರದ ಗೋಡೆಯ ಕೋಶಗಳು ಬಲಿತು ಒಡೆಯುತ್ತವೆ. ಅದರಿಂದ ಹೊರಟ ಎಳೆಯಂತಹ ಸಾವಿರಾರು ಜೀವಾಣುಗಳು ಮೈಯ ದ್ರವದಲ್ಲಿ ಹರಿದುಹೋಗುತ್ತವೆ. ಎಲ್ಲಿಗೆ? ಜುಲೈ ತಿಂಗಳಿನಲ್ಲಿ ಅವು ತುಂಬಿಕೊಂಡಿದ್ದ ಗ್ರಂಥಿ ಸಿಕ್ಕಿತು. ಅದು ಜೊಲ್ಲಿನ ಗ್ರಂಥಿ! ಅಂತಹ ಸೊಳ್ಳೆ ಕಚ್ಚಿದ ಆರೋಗ್ಯವಂತ ಹಕ್ಕಿಗಳಿಗೆ ರೋಗ ತಗುಲಿತು. ಕುಡಿಯುವ ನೀರಿನ ಊಹೆ ಅಲ್ಲಿಗೆ ಮುಗಿಯಿತು. ನಮ್ಮ ತುತ್ತು ಜೊಲ್ಲಿನಿಂದ ಜಠರಕ್ಕೆ ಹೋಗುತ್ತದೆ. ಈ ಜೀವಾಣು ಜಠರದಿಂದ ಜೊಲ್ಲಿಗೆ ಬರುತ್ತದೆ.

ಮನುಷ್ಯನ ಮಲೇರಿಯವೂ ಅನಾಫಿಲಿಸ್ ಸೊಳ್ಳೆಯಲ್ಲಿ ಹೀಗೆಯೇ ನಡೆಯುತ್ತದೆಂದು ಅದೇ ವರ್ಷದ ಕೊನೆಯಲ್ಲಿ ಇಟಲಿಯ ಗ್ರಾಸಿ ಮತ್ತು ಅವರ ಸಂಗಡಿಗರು ತೋರಿಸಿದರು. ರಾಸ್ ಅವರಿಗೂ ಗ್ರಾಸಿಯವರಿಗೂ ಕೀರ್ತಿಗಾಗಿ ಬೆಳೆದ ಜಗಳ ಕೊನೆಯವರೆಗೂ ಆರಲಿಲ್ಲ. ದೊಡ್ಡವರಲ್ಲಿಯೂ ಈ ದೌರ್ಬಲ್ಯವಿತ್ತೆಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ. 1902ರಲ್ಲಿ ರಾಸ್ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಪಾವ್ಲೋವ್ ಅವರಿಗೆ ಬಂದದ್ದು 1904ರಲ್ಲಿ. ಲಿವರ್‌ಪೂಲಿನಲ್ಲಿ ಬೋಧಿಸುತ್ತ, ಸೊಳ್ಳೆಗಳ ಸಂಖ್ಯೆ ತಗ್ಗಿದರೆ ರೋಗವೂ ತಗ್ಗುವುದನ್ನು ಗಣಿತದಿಂದ ವಿವರಿಸುತ್ತ ಬಾಳಿದ ರಾಸ್ ಅವರು 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು.

ಬೇಗಂಪೇಟೆಯ ಹಳೆಯ ವಿಮಾನ ನಿಲ್ದಾಣದ ಸಮೀಪದ ಕಟ್ಟಡವೊಂದು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ನಲ್ಲಕುಂಟೆಯ ಜ್ವರದ ಆಸ್ಪತ್ರೆಗೂ ಅವರದೇ ಹೆಸರು. ಆಗಸ್ಟ್ 20ನ್ನು ಲೋಕವೆಲ್ಲ ಸೊಳ್ಳೆಯ ದಿನವೆಂದು ಆಚರಿಸುತ್ತದೆ. ಆ ದಿನ ರಾಸ್ ಅವರೊಡನೆ, ಒಂದೊಂದಾಣೆಗೆ ತೋಳು ಚಾಚಿದ ಹುಸೇನ್ ಖಾನನನ್ನೂ ನೆನೆಯುವುದು ನ್ಯಾಯ. ಅವನ ರಕ್ತವಿಲ್ಲದೆ ಆ ಸೂಕ್ಷ್ಮದರ್ಶಕದಲ್ಲಿ ಕಾಣುವಂಥದೇನೂ ಇರಲಿಲ್ಲ.

ಡೆಂಗಿಯ ವಿಷಾಣುವೂ ಸೊಳ್ಳೆಯ ಜಠರದಿಂದ ಜೊಲ್ಲಿಗೆ ಸಾಗಿಯೇ ನಮ್ಮನ್ನು ಮುಟ್ಟುತ್ತದೆ. ರಾಜ್ಯೋತ್ಸವದ ಈ ತಿಂಗಳಲ್ಲಿ ಮಳೆ ನಿಂತರೂ ಹೂಕುಂಡದ ತಟ್ಟೆಯಲ್ಲಿ, ಮಹಡಿಯ ತೊಟ್ಟಿಯಲ್ಲಿ ನೀರು ನಿಂತಿರುತ್ತದೆ. ಆ ದಾರಿಯನ್ನು ಕಡಿಯಲು ನಮಗೆ ಸೂಕ್ಷ್ಮದರ್ಶಕ ಬೇಕಿಲ್ಲ. ಬೆಂಗಳೂರಿನ ಆ ಪೀಪಾಯಿಯಂತೆ, ನಮ್ಮ ಹಿತ್ತಲಿನ ನೀರನ್ನು ಬೋರಲು ಹಾಕಿದರೆ ಸಾಕು.