ಕುಮಾವೂನಿನ ಕಾರ್ಪೆಟ್ ಸಾಹೇಬರು

ತೇಜಸ್ವಿಯವರ ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ ಓದಿದವರು ನಮ್ಮ ಕ್ಯಾಂಪಸ್ಸಲ್ಲಿ ಬೇಕಾದಷ್ಟು ಜನ ಇದ್ದೀರಿ. ಹಾಸ್ಟೆಲ್‌ನಲ್ಲಿ ರಾತ್ರಿಯೆಲ್ಲಾ ಓದಿ, ಆಮೇಲೆ ಒಬ್ಬರೇ ಬಾತ್‌ರೂಮಿಗೆ ಹೋಗೋಕೆ ಹೆದರಿದವರೂ ಇದ್ದೀರಿ, ನಮಗೆ ಗೊತ್ತು! ಆ ಚಿರತೆಯ ಬೆನ್ನು ಬಿದ್ದ ಜಿಮ್ ಕಾರ್ಬೆಟ್ ನಮ್ಮ ಮನಸ್ಸಲ್ಲಿ ಉಳಿದಿರೋದು ಬೇಟೆಗಾರನಾಗಿ. ಆದ್ರೆ ಹೊಟ್ಟೆಪಾಡಿಗೆ ಅವರು ಮಾಡಿದ್ದು ರೈಲ್ವೆ ಕೆಲಸ. ಎಂಜಿನಿಯರಿಂಗ್ ಓದೋ ನಾವು ಆ ಕಥೆಯನ್ನೂ ಸ್ವಲ್ಪ ನೋಡಬೇಕು ಅಲ್ವಾ?

ಜಿಮ್ ಹುಟ್ಟಿದ್ದು 1875ರ ಜುಲೈ 25ರಂದು, ನೈನಿತಾಲ್‌ನಲ್ಲಿ. ಅಪ್ಪ ಅಲ್ಲಿನ ಪೋಸ್ಟ್‌ಮಾಸ್ಟರ್. ಮನೆ ತುಂಬ ಮಕ್ಕಳು. ಜಿಮ್ ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡರು. ಚಳಿಗಾಲ ಬಂತೆಂದರೆ ಇಡೀ ಸಂಸಾರ ಬೆಟ್ಟ ಇಳಿದು ಕಾಲಾಢೂಂಗಿಗೆ ಬರುತ್ತಿತ್ತು. ಹುಡುಗ ಅಲ್ಲಿನ ಕಾಡಲ್ಲೇ ಬೆಳೆದ. ಮಣ್ಣಿನ ಮೇಲಿನ ಹೆಜ್ಜೆ ಎಷ್ಟು ಹಳೆಯದು, ಜಿಂಕೆ ಕೂಗಿದ್ದು ಹುಲಿಯನ್ನು ಕಂಡೋ ಚಿರತೆಯನ್ನು ಕಂಡೋ, ಇದನ್ನೆಲ್ಲ ಕಲಿತಿದ್ದು ಅಲ್ಲೇ.

ಹದಿನೆಂಟರ ಆಸುಪಾಸಿನಲ್ಲಿ ರೈಲ್ವೆ ಸೇರಿದರು. ಮೊದಲ ಕೆಲಸ ಏನು ಗೊತ್ತಾ? ಉಗಿ ಎಂಜಿನ್ನಿಗೆ ಸೌದೆ ಒದಗಿಸೋದು. ಅಂದ್ರೆ ಕಾಡು ಕಡಿಸೋದು! ಮುಂದೆ ಕಾಡಿನ ಪರ ನಿಂತ ಮನುಷ್ಯನ ಮೊದಲ ಸಂಬಳ ಬಂದಿದ್ದು ಮರ ಉರುಳಿಸಿ. ಆಮೇಲೆ ಗಂಗೆಯ ದಡದ ಮೊಕಾಮೆ ಘಾಟ್‌ನಲ್ಲಿ ಸರಕು ದಾಟಿಸುವ ಗುತ್ತಿಗೆ ಹಿಡಿದರು. ನದಿಯ ಒಂದು ಕಡೆ ಬ್ರಾಡ್‌ಗೇಜ್, ಇನ್ನೊಂದು ಕಡೆ ಮೀಟರ್‌ಗೇಜ್, ನಡುವೆ ಸೇತುವೆ ಇಲ್ಲ. ಒಂದು ವ್ಯಾಗನ್‌ನಿಂದ ಇಳಿಸಿ, ನದಿ ದಾಟಿಸಿ, ಇನ್ನೊಂದಕ್ಕೆ ತುಂಬೋದು ಪೂರ್ತಿ ಮನುಷ್ಯರ ಹೆಗಲ ಮೇಲೆ. ಕೂಲಿಗಳ ಜೊತೆ ತಾವೂ ಕಲ್ಲಿದ್ದಲು ಎತ್ತಿ ಹಾಕುತ್ತಾ ಇಪ್ಪತ್ತು ವರ್ಷ ಕಳೆದರು. ಅಲ್ಲಿ ಸೇತುವೆ ಆಗಿದ್ದು 1959ರಲ್ಲಿ. ಅದರ ಜಾಗಕ್ಕೆ ಸಲಹೆ ಕೊಟ್ಟವರು ತೊಂಬತ್ತು ದಾಟಿದ್ದ ನಮ್ಮ ಸರ್ ಎಂ.ವಿ. ಸಿವಿಲ್‌ನವರು ಇಲ್ಲಿ ಕಾಲರ್ ಎತ್ಕೋಬಹುದು.

ನರಭಕ್ಷಕಗಳ ಬೆನ್ನು ಹತ್ತಿದ್ದು ಈ ಕೆಲಸದ ನಡುವೆಯೇ. 1907ರಲ್ಲಿ ಚಂಪಾವತ್‌ನ ಹೆಣ್ಣು ಹುಲಿ. ನೇಪಾಳದಿಂದ ಓಡಿಸಲ್ಪಟ್ಟು ಕುಮಾವೂನಿಗೆ ಬಂದ ಅದು ಒಟ್ಟು 436 ಜನರನ್ನು ಕೊಂದಿತ್ತು. ಹಗಲಲ್ಲೂ ಹಳ್ಳಿಯವರು ಬಾಗಿಲು ತೆರೆಯುತ್ತಿರಲಿಲ್ಲ. ಕಾರ್ಬೆಟ್ ಅದನ್ನು ಹೊಡೆದುರುಳಿಸಿ ಬಾಯಿ ಬಿಡಿಸಿ ನೋಡಿದರೆ, ಬಲಗಡೆಯ ಮೇಲಿನ ಕೋರೆಹಲ್ಲು ಅರ್ಧ ಮುರಿದಿತ್ತು, ಕೆಳಗಿನದು ಬುಡದವರೆಗೂ ಹೋಗಿತ್ತು. ಯಾವನೋ ಹಿಂದೆ ಹಾರಿಸಿದ ಗುಂಡಿನ ಪೆಟ್ಟು ಅದು. ಸಹಜ ಬೇಟೆ ಹಿಡಿಯಲಾಗದ ಹುಲಿ ಮನುಷ್ಯನ ಕಡೆ ತಿರುಗಿತ್ತು. ರುದ್ರಪ್ರಯಾಗದ ಚಿರತೆಯ ಕಥೆ ಬೇರೆ. 1918ರ ಇನ್‌ಫ್ಲುಯೆಂಜಾದಲ್ಲಿ ಸುಡಲೂ ಜನವಿಲ್ಲದೆ ಬಿಟ್ಟ ಹೆಣಗಳಿಂದ ಚಿರತೆಗೆ ಈ ರುಚಿ ಹತ್ತಿತು ಅನ್ನೋದು ಕಾರ್ಬೆಟ್ ಲೆಕ್ಕಾಚಾರ. ಕೇದಾರ-ಬದರಿಯ ದಾರಿಯಲ್ಲಿ 125 ಜನರನ್ನು ತಿಂದ ಅದು ಸತ್ತಿದ್ದು 1926ರ ಮೇ ತಿಂಗಳಲ್ಲಿ. ಎರಡೂ ಕಡೆ ಮೊದಲ ತಪ್ಪು ಪ್ರಾಣಿಯದಲ್ಲ ಅನ್ನೋದು ಅವರಿಗೆ ಕಂಡಿತ್ತು.

ಹಾಗಂತ ಅವರನ್ನು ದೇವರು ಮಾಡೋದು ಬೇಡ. 1930ರಲ್ಲಿ ಪೋವಲ್‌ಗಢದ ಭಾರೀ ಹುಲಿಯನ್ನು ಹೊಡೆದರಲ್ಲ, ಅದು ಯಾರನ್ನೂ ತಿಂದಿರಲಿಲ್ಲ. ವೈಸ್‌ರಾಯ್ ಲಿನ್‌ಲಿತ್‌ಗೋ ಅವರ ಶಿಕಾರಿಗೆ ಏರ್ಪಾಡು ಮಾಡಿದ್ದೂ ಇವರೇ. ಓದುವಾಗ ನಮಗೆ ಇದು ಚುಚ್ಚಿತು. ಆದ್ರೆ ಅದೇ ವರ್ಷಗಳಲ್ಲಿ ಅವರ ಕೈಯಲ್ಲಿ ಕೋವಿಗಿಂತ ಕ್ಯಾಮೆರಾ ಹೆಚ್ಚು ಕಾಣಿಸತೊಡಗಿತು. ಅರಣ್ಯಾಧಿಕಾರಿ ಎಫ್. ಡಬ್ಲ್ಯೂ. ಚಾಂಪಿಯನ್ ತೆಗೆದ ಹುಲಿ ಫೋಟೋಗಳು ಇವರಿಗೆ ಹುಚ್ಚು ಹಿಡಿಸಿದ್ದವು. ಆಗಿನ ಸಿನಿಮಾ ಕ್ಯಾಮೆರಾ ಕರಕರ ಸದ್ದು ಮಾಡುತ್ತಿತ್ತು, ಹುಲಿ ಓಡಿಹೋಗುತ್ತಿತ್ತು. ಅದಕ್ಕೆ ಇವರು ಕಂಡುಕೊಂಡ ಉಪಾಯ ನೋಡಿ: ತೊರೆಗೆ ಚಿಕ್ಕ ಚಿಕ್ಕ ಅಡ್ಡಕಟ್ಟೆ ಕಟ್ಟಿ ನೀರು ಧುಮುಕುವಂತೆ ಮಾಡಿದರು. ಆ ಸದ್ದಲ್ಲಿ ಕ್ಯಾಮೆರಾ ಸದ್ದು ಮುಚ್ಚಿಹೋಯ್ತು! ತಿಂಗಳುಗಟ್ಟಲೆ ಕಾದು ಏಳು ಹುಲಿಗಳನ್ನು ಫಿಲ್ಮಿನಲ್ಲಿ ಹಿಡಿದರು. ನಾಯ್ಸ್ ಮಾಸ್ಕಿಂಗ್ ಅಂತ ನಾವು ಸ್ಲೈಡಲ್ಲಿ ಓದೋದು ಇದನ್ನೇ.

1936ರಲ್ಲಿ ರಾಮಗಂಗಾ ನದಿಯ ಕಾಡು ಹೇಲಿ ನ್ಯಾಷನಲ್ ಪಾರ್ಕ್ ಆಯ್ತು. ಭಾರತದ ಮೊದಲ ರಾಷ್ಟ್ರೀಯ ಉದ್ಯಾನ. ಅದರ ಗಡಿ ಗುರುತಿಸೋದರಲ್ಲಿ ಕಾರ್ಬೆಟ್ ಪಾಲಿದೆ. 1944ರಲ್ಲಿ ಅವರ ಪುಸ್ತಕ ‘ಮ್ಯಾನ್ ಈಟರ್ಸ್ ಆಫ್ ಕುಮಾವೂನ್’ ಬಂತು. ಜನ ಬೆಂಬಲಕ್ಕೆ ನಿಲ್ಲದಿದ್ದರೆ ಹುಲಿ ನಿರ್ನಾಮವಾಗುತ್ತೆ ಅಂತ ಅದರಲ್ಲೇ ಎಚ್ಚರಿಸಿದ್ದರು. ಜನ ಕಥೆಯನ್ನು ಮಾತ್ರ ಚಪ್ಪರಿಸಿ ಓದಿದರು.

1947ರಲ್ಲಿ ತಮ್ಮ ಛೋಟಿ ಹಲ್ದ್ವಾನಿ ಹಳ್ಳಿಯ ಜಮೀನನ್ನು ಉಳುವವರಿಗೇ ಬಿಟ್ಟುಕೊಟ್ಟು, ಅಕ್ಕ ಮ್ಯಾಗಿ ಜೊತೆ ಕೀನ್ಯಾಗೆ ಹೊರಟರು. ಮದುವೆ ಆಗಿರಲಿಲ್ಲ. 1955ರ ಏಪ್ರಿಲ್ 19ರಂದು ನ್ಯೇರಿಯಲ್ಲಿ ತೀರಿಕೊಂಡರು. ಆಮೇಲೆ ಆ ಉದ್ಯಾನಕ್ಕೆ ಅವರ ಹೆಸರನ್ನೇ ಇಟ್ಟರು.

ಅವರ ಎಚ್ಚರಿಕೆ ಎಷ್ಟು ನಿಜ ಅಂತ ಗೊತ್ತಾಗಿದ್ದು 1972ರ ಗಣತಿಯಲ್ಲಿ: ದೇಶದಲ್ಲಿ ಉಳಿದಿದ್ದು 1,827 ಹುಲಿ. ಮರುವರ್ಷ ಪ್ರಾಜೆಕ್ಟ್ ಟೈಗರ್ ಶುರುವಾಗಿದ್ದು ಕಾರ್ಬೆಟ್ ಉದ್ಯಾನದಿಂದಲೇ. ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. 2022ರ ಅಂದಾಜಿನಲ್ಲಿ ದೇಶದ ಸಂಖ್ಯೆ 3,682, ಕರ್ನಾಟಕದ್ದು 563. ಹುಲಿ ಹೆಚ್ಚಿದೆ, ಆದ್ರೆ ಕಾಡಿಂದ ಕಾಡಿಗೆ ಹೋಗೋ ದಾರಿ ಹೆಚ್ಚಿಲ್ಲ. ರಸ್ತೆ, ರೈಲು, ರೆಸಾರ್ಟು ಎಲ್ಲಾ ನಡುವೆ ಬಂದಿವೆ.

ಕಳೆದ ಸಲ ವಯನಾಡಿಂದ ವಾಪಸ್ ಬರುವಾಗ, ರಾತ್ರಿ 9ಕ್ಕೆ ಬಂಡೀಪುರದ ಗೇಟ್ ಹಾಕ್ತಾರೆ ಅಂತ ಗೊಣಗಿಕೊಂಡು ಗಾಡಿ ಓಡಿಸಿದ ಗುಂಪಲ್ಲಿ ನಾವೂ ಇದ್ವಿ. ಹತ್ತು ನಿಮಿಷ ತಡವಾಯ್ತು, ಗೇಟ್ ಬಿದ್ದಿತ್ತು. ಬೆಳಗ್ಗೆ 6ರವರೆಗೆ ಗಾಡಿಯಲ್ಲೇ ನಿದ್ದೆ.